ತೊಗಟೆಯ ಮೇಲಿನ ಗುರುತು

ಅರೇಬಿಕಾ ಬೆಳೆಯುವ ಕೊಡಗಿನವರಿಗೆ ಬಿಳಿ ಕಾಂಡಕೊರಕವನ್ನು ಹಿಡಿಯಲು ಕಾಂಡ ಸೀಳಬೇಕಾಗಿಲ್ಲ. ಹುಳು ಒಳಗೆ ಸುರಂಗ ಕೊರೆಯುತ್ತಿದ್ದರೆ ತೊಗಟೆಯ ಮೇಲೆ ಏಣು ಏಳುತ್ತದೆ, ಎಲೆ ಹಳದಿಯಾಗುತ್ತದೆ. ಆ ಗಿಡವನ್ನು ಗುರುತಿಸಿ ಕಿತ್ತು ಸುಡುತ್ತಾರೆ, ಪಕ್ಕದ ಗಿಡ ಉಳಿಯುತ್ತದೆ. ಸ್ತನ ಕ್ಯಾನ್ಸರ್‌ನ ಒಂದು ಬಗೆಗೂ ಇಂಥದೇ ಹೊರಮೈ ಗುರುತಿದೆ. ಅದರ ಹೆಸರು ಹರ್-2.

ಜೀವಕೋಶದ ಪೊರೆಯಲ್ಲಿ ನೆಟ್ಟುಕೊಂಡಿರುವ ಪ್ರೊಟೀನ್ ಇದು. ಆರೋಗ್ಯವಾಗಿರುವ ಕೋಶದಲ್ಲೂ ಇರುತ್ತದೆ, ಆದರೆ ಸ್ವಲ್ಪ. ಬೆಳೆಯಬೇಕು, ಇಬ್ಭಾಗವಾಗಬೇಕು ಎಂಬ ಸಂದೇಶವನ್ನು ಒಳಕ್ಕೆ ದಾಟಿಸುವುದು ಅದರ ಕೆಲಸ. ಸ್ತನ ಕ್ಯಾನ್ಸರ್ ಆದ ಸುಮಾರು ಐವರಲ್ಲಿ ಒಬ್ಬರಿಗೆ ಈ ಪ್ರೊಟೀನ್ ಪೊರೆಯ ತುಂಬ ಕಿಕ್ಕಿರಿದು, ಕೋಶ ಬಿಡುವಿಲ್ಲದೆ ಇಬ್ಭಾಗವಾಗುತ್ತಲೇ ಇರುತ್ತದೆ. ಬೇಗ ಹರಡುವ ಈ ಬಗೆಗೆ ಒಂದು ಕಾಲದಲ್ಲಿ ವೈದ್ಯರೂ ಹೆದರುತ್ತಿದ್ದರು. 1998ರಲ್ಲಿ ಅಮೆರಿಕ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯಕ್ಕೆ ಅನುಮತಿ ಕೊಟ್ಟಿತು. ಅದು ಹರ್-2ಕ್ಕೆ ಅಂಟಿಕೊಂಡು ಸಂದೇಶವನ್ನು ತಡೆಯುತ್ತದೆ, ದೇಹದ ರಕ್ಷಕ ಕೋಶಗಳನ್ನೂ ಅಲ್ಲಿಗೆ ಕರೆಯುತ್ತದೆ. ಹೆದರಿಸುತ್ತಿದ್ದ ಗುರುತೇ ಔಷಧಕ್ಕೆ ದಾರಿಯಾಯಿತು.

ಈ ಕಥೆಯಲ್ಲಿ ನಮ್ಮ ರಾಜ್ಯಕ್ಕೂ ಪಾಲಿದೆ. ಬೆಂಗಳೂರಿನ ಬಯೋಕಾನ್ 2006ರಲ್ಲೇ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ, ಹರ್-2ರ ಒಡಹುಟ್ಟಿನಂಥ ಇಜಿಎಫ್‌ಆರ್ ಪ್ರೊಟೀನಿಗೆ ಅಂಟುವ ಔಷಧ ತಂದಿತ್ತು. 2014ರಲ್ಲಿ ಅದೇ ಕಂಪನಿ ಟ್ರಾಸ್ಟುಜುಮ್ಯಾಬ್‌ನ ಸಮರೂಪವನ್ನು ಕ್ಯಾನ್‌ಮ್ಯಾಬ್ ಹೆಸರಿನಲ್ಲಿ, ಮೂಲ ಔಷಧಕ್ಕಿಂತ ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿತು. 2017ರ ಡಿಸೆಂಬರ್‌ನಲ್ಲಿ ಅಮೆರಿಕವೂ ಬಯೋಕಾನ್‌ನ ಸಮರೂಪವನ್ನು ಒಪ್ಪಿತು. ಟ್ರಾಸ್ಟುಜುಮ್ಯಾಬ್‌ನ ಸಮರೂಪಕ್ಕೆ ಅಲ್ಲಿ ಸಿಕ್ಕ ಮೊದಲ ಅನುಮತಿ ಅದು.

ಆದರೂ ಕೊಡಗಿನ ಕುಟ್ಟದಲ್ಲಿ ಕಾಫಿ ತೋಟದ ಲೈನ್‌ಮನೆಯ ಹೆಂಗಸಿಗೆ ಬೆಂಗಳೂರು ದೂರವೇ. ಆರಂಭದ ಹಂತದ ರೋಗಕ್ಕೆ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ ಔಷಧ ಏರಿಸಬೇಕು. ಕೊಡಗಿಗೆ ರೈಲಿಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಹೋಗಿಬರಲು ಎರಡು ದಿನ ಹಿಡಿದರೆ ಎರಡು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದ್ದೂ ಹೋಯಿತು. ಚಿಕಿತ್ಸೆಯ ಯೋಜನೆಯನ್ನು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಯಲ್ಲಿ ಮಾಡಲಿ. ಔಷಧ ಏರಿಸುವುದು, ನಡುನಡುವೆ ಹೃದಯದ ಎಕೋ ನೋಡುವುದು ಮಡಿಕೇರಿಯಲ್ಲೇ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದಕ್ಕೂ ಮೊದಲು ಗುರುತು ಸಿಗಬೇಕಲ್ಲ! ಕಾಫಿ ಗಿಡದ ಏಣು ಬರಿಗಣ್ಣಿಗೆ ಕಾಣುತ್ತದೆ, ಹರ್-2 ಕಾಣುವುದಿಲ್ಲ. ಬಯಾಪ್ಸಿಯ ತುಣುಕಿಗೆ ಬಣ್ಣ ಹಾಕಿ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಮೂರು ಬಂದರೆ ಹರ್-2 ಪಾಸಿಟಿವ್. ಎರಡು ಬಂದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕು, ಅದನ್ನು ಬಿಟ್ಟು ಮುಂದೆ ಹೋಗಬಾರದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಎಂದು ಗೊತ್ತಾದರೆ, ವರದಿಯಲ್ಲಿ ಹರ್-2 ಅಂಕ ಎಷ್ಟಿದೆ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.