ಜಗಳೂರಿನ ಬೋರ್ ನೀರು, ಹಲ್ಲು ಕಟ್ಟೋ ಕೋಶ

ಜಗಳೂರು ಸೀಮೆಯಲ್ಲಿ ಎಷ್ಟೋ ಮಕ್ಕಳು ನಕ್ಕರೆ ಮುಂದಿನ ಹಲ್ಲಲ್ಲಿ ಕಂದು ಗೆರೆ ಕಾಣುತ್ತೆ. ಸರಿಯಾಗಿ ಹಲ್ಲುಜ್ಜಲ್ಲ ಅಂತ ಬೈಯೋರೂ ಇದ್ದಾರೆ. ಅದು ಸಾಮಾನ್ಯವಾಗಿ ಕೊಳೆ ಅಲ್ಲ, ಬೋರ್‌ವೆಲ್ ನೀರಲ್ಲಿರೋ ಫ್ಲೋರೈಡ್ ಮಾಡಿದ ಕೆಲಸ.

ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮಲ್. ಹಲ್ಲು ಇನ್ನೂ ವಸಡಿನೊಳಗೆ ಇರುವಾಗಲೇ ಅದನ್ನ ಕಟ್ಟೋದು ಅಮೆಲೋಬ್ಲಾಸ್ಟ್ ಅನ್ನೋ ಜೀವಕೋಶ. ಕಂಬದ ಹಾಗೆ ಉದ್ದ. ಒಳಗೆ ಆಕ್ಟಿನ್, ಟ್ಯೂಬುಲಿನ್ ಅನ್ನೋ ಪ್ರೋಟೀನ್‌ಗಳ ಎಳೆ ಇರುತ್ತವೆ, ಗುಡಿಸಲಿಗೆ ಗಳ ಇದ್ದ ಹಾಗೆ. ಆದರೆ ಈ ಗಳ ಬೇಕಾದಾಗ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತೆ! ಕೋಶದ ಆಕಾರ, ಸಾಲಾಗಿ ಸರಿಯೋದು, ಎನಾಮಲ್ ಸರಕನ್ನ ಒಂದೇ ತುದಿಗೆ ಸಾಗಿಸೋದು, ಎಲ್ಲಕ್ಕೂ ಇವೇ ಆಧಾರ. ಇಲಿಗಳ ಮೇಲಿನ ಪ್ರಯೋಗದಲ್ಲಿ ಫ್ಲೋರೈಡ್ ತಗುಲಿದ ಕೋಶಗಳಲ್ಲಿ ಆಕ್ಟಿನ್ ಎಳೆಗಳು ಹೆಚ್ಚಾಗಿದ್ದು ಕಂಡಿದೆ. ಅದೊಂದೇ ಕಾರಣ ಅಂತಲ್ಲ. ಎನಾಮಲ್ ಬಲಿಯುವಾಗ ಹೊರಹೋಗಬೇಕಾದ ಪ್ರೋಟೀನ್ ಒಳಗೇ ಉಳಿದು, ಪದರ ಸಣ್ಣ ಸಣ್ಣ ರಂಧ್ರವಾಗುತ್ತೆ. ಆಮೇಲೆ ಬಣ್ಣ ಹೀರುತ್ತೆ.

ಹಲ್ಲು ಹೊರಬರೋ ಹೊತ್ತಿಗೆ ಈ ಕೋಶಗಳೇ ಇಲ್ಲವಾಗುತ್ತವೆ. ರಿಪೇರಿಗೆ ಯಾರೂ ಉಳಿಯಲ್ಲ. ಅದಕ್ಕೇ ಸುಮಾರು 8 ವರ್ಷದವರೆಗೆ ಮಗು ಕುಡಿಯೋ ನೀರು ಬಹಳ ಮುಖ್ಯ. ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಇನ್ನೂ ಹೆಚ್ಚಾಗುತ್ತೆ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನನ್ನ ಕುಡಿಯೋಕಷ್ಟೇ ಇಟ್ಟು, ಅನ್ನ-ಸಾರನ್ನ ಬೋರ್ ನೀರಲ್ಲೇ ಮಾಡಿದರೆ ಫ್ಲೋರೈಡ್ ತಟ್ಟೆಗೇ ಬರುತ್ತೆ.