ಕಾಲಿನ ತೊಂದರೆಗೂ ಮೊದಲು ಕಾರಣ ಹುಡುಕಿ, ಆಮೇಲೆ ಮದ್ದು

ಅಡಿಕೆ ಸಸಿಯ ಎಲೆ ಹಳದಿಯಾದರೆ ಸಾಕು, ಫೋಟೋ ತೆಗೆದು ಗ್ರೂಪಿಗೆ ಹಾಕ್ತೀವಿ. ನೀರು ಹೆಚ್ಚಾಯ್ತಾ, ಬೇರುಹುಳ ಬಿತ್ತಾ ಅಂತ ಕೇಳ್ತೀವಿ. ನಮ್ಮ ಕಾಲಿಗೆ ಮಾತ್ರ ಎಲ್ಲದಕ್ಕೂ ಒಂದೇ ಉಪಚಾರ: ಯಾವುದೋ ಮುಲಾಮು, ಇಲ್ಲಾಂದ್ರೆ ನೋವಿನ ಮಾತ್ರೆ. ಕಾರಣ ಬೇರೆ ಇದ್ದರೆ ಮದ್ದೂ ಬೇರೆಯೇ.

ಬೆರಳ ಸಂದಿನ ಹುಣ್ಣು
ನಾಟಿ ಸಮಯದಲ್ಲಿ ದಿನವಿಡೀ ಕೆಸರಲ್ಲಿ ನಿಂತರೆ ಚರ್ಮ ನೆನೆದು ಬೆಳ್ಳಗಾಗುತ್ತೆ, ಅಲ್ಲಿ ಶಿಲೀಂಧ್ರ ಬೆಳೆಯುತ್ತೆ. ಗದ್ದೆಯಿಂದ ಬಂದ ಕೂಡಲೇ ಕಾಲು ತೊಳೆದು, ಬೆರಳ ಸಂದಿಗಳನ್ನು ಒರೆಸಿ ಒಣಗಿಸಿ. ಗಮ್‌ಬೂಟನ್ನೂ ದಿನಾ ಬೋರಲು ಹಾಕಿ ಒಣಗಿಸಿ. ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಕಡಿಮೆಯಾಗುತ್ತೆ, ಶಿಲೀಂಧ್ರ ಮಾತ್ರ ಹರಡುತ್ತಾ ಹೋಗುತ್ತೆ.

ಹಿಮ್ಮಡಿ ಒಡೆಯುವುದು
ಅಂಗಾಲಿನ ಚರ್ಮದಲ್ಲಿ ಎಣ್ಣೆ ಗ್ರಂಥಿಗಳೇ ಇಲ್ಲ. ಬರಿಗಾಲಲ್ಲಿ ಓಡಾಡಿದರೆ ಚರ್ಮ ಒಣಗಿ, ದಪ್ಪವಾಗಿ, ಭಾರಕ್ಕೆ ಸೀಳುತ್ತೆ. ರಾತ್ರಿ ಹದಿನೈದು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಕಾಲಿಟ್ಟು, ಒರೆಸಿ, ವ್ಯಾಸಲೀನ್ ಹಚ್ಚಿ ಸಾಕ್ಸ್ ಹಾಕಿ ಮಲಗಿ. ಬ್ಲೇಡಿನಿಂದ ಕೆರೆಯಬೇಡಿ.

ಬೆಳಗಿನ ಹಿಮ್ಮಡಿ ನೋವು
ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ಚುಚ್ಚಿದಂತಾಗಿ, ನಡೆದಾಡಿದ ಮೇಲೆ ಕಡಿಮೆಯಾದರೆ ಸಾಮಾನ್ಯವಾಗಿ ಅದು ಅಂಗಾಲಿನ ಪಟ್ಟಿಯ ತೊಂದರೆ. ಸವೆದ ಹವಾಯಿ ಚಪ್ಪಲಿ, ಹೊತ್ತ ಭಾರ, ಗಂಟೆಗಟ್ಟಲೆ ನಿಲ್ಲುವುದು ಇದಕ್ಕೆ ಕಾರಣ. ಮೆತ್ತನೆಯ ಅಡಿ ಇರುವ ಚಪ್ಪಲಿ ಹಾಕಿ. ಗೋಡೆಗೆ ಕೈಯಿಟ್ಟು ಮೀನಖಂಡವನ್ನು ದಿನಾ ಎಳೆದು ಸಡಿಲ ಮಾಡಿ.

ಬದುವಿನ ಮೇಲೆ ಉಳುಕಿದರೆ
ಪಾದ ಒಳಕ್ಕೆ ಮಡಚಿದಾಗ ಕೀಲಿನ ಹೊರಬದಿಯ ನಾರು ಎಳೆಯುತ್ತೆ. ಮೊದಲ ಎರಡು-ಮೂರು ದಿನ ನೀವಿಸಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು ಕಾಲು ಎತ್ತರಿಸಿ ಮಲಗಿ. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಎಕ್ಸ್‌ರೇ ಬೇಕು.

ಮುಳ್ಳು, ಗಾಯ
ಧನುರ್ವಾಯು ರೋಗಾಣು ಮಣ್ಣಲ್ಲೂ ಇರುತ್ತೆ, ಸಗಣಿಯಲ್ಲೂ ಇರುತ್ತೆ. ಜೀವಾಮೃತ ಕಲಸುವ ನಾವು ಇದನ್ನು ಮರೆಯಬಾರದು. ಸಗಣಿ ಬೆಳೆಗೆ ಒಳ್ಳೆಯದು, ಗಾಯಕ್ಕಲ್ಲ. ಸೋಪಿನಿಂದ ತೊಳೆದು, ಇಂಜೆಕ್ಷನ್ ಹಾಕಿಸಿ ಐದು ವರ್ಷ ದಾಟಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಗದ್ದೆ ನೀರಲ್ಲಿ ಇಲಿಯ ಮೂತ್ರ ಬೆರೆತಿದ್ದರೆ ಒಡೆದ ಚರ್ಮದ ಮೂಲಕ ಇಲಿಜ್ವರವೂ ಬರಬಹುದು. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಕಂಡರೆ ತಡ ಮಾಡಬೇಡಿ. ಗದ್ದೆ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಹೇಳಿ.

ನೋವೇ ಇಲ್ಲದ ಗಾಯ
ಇದು ಎಲ್ಲಕ್ಕಿಂತ ಅಪಾಯ. ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಶುಗರ್ ಇದ್ದರೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು, ಮುಳ್ಳು ಚುಚ್ಚಿದ್ದೇ ಗೊತ್ತಾಗಲ್ಲ. ಗಾಯ ಕೊಳೆತರೆ ಬೆರಳು, ಕೆಲವೊಮ್ಮೆ ಕಾಲೇ ತೆಗೆಯಬೇಕಾಗುತ್ತೆ. ಅವರನ್ನು ಬರಿಗಾಲಲ್ಲಿ ತೋಟಕ್ಕೆ ಬಿಡಬೇಡಿ. ದಿನಾ ಸಂಜೆ ಮೊಬೈಲ್ ಟಾರ್ಚ್ ಹಾಕಿ ಅವರ ಅಂಗಾಲು, ಬೆರಳ ಸಂದಿ ನೋಡಿ. ಎರಡು ನಿಮಿಷದ ಕೆಲಸ. ಜೊತೆಗೆ ನಿಮ್ಮ ಕಾಲನ್ನೂ ನೋಡಿಕೊಳ್ಳಿ.