ಹಲ್ಲು ಉಳಿದರೆ ಸಾಕೇ?

ಕಳೆದ ವರ್ಷ ದಸರಾ ರಜೆಯಲ್ಲಿ ನನ್ನ ನಾನಿಯ ಕೆಳದವಡೆಯ ಒಂದು ಹಲ್ಲನ್ನು ಕೀಳಿಸಬೇಕಾಯಿತು. ಅದು ಬೇರಿನವರೆಗೂ ಸೀಳಿ ಹೋಗಿತ್ತು. ದಂತವೈದ್ಯರು ಮುಂದಿನ ಮೂರು ದಾರಿ ಹೇಳಿದರು. ಬೇಕೆಂದಾಗ ತೆಗೆದಿಡುವ ಕಟ್ಟು ಹಲ್ಲು, ಅಕ್ಕಪಕ್ಕದ ಎರಡು ಹಲ್ಲುಗಳನ್ನು ಅರೆದು ಕೂರಿಸುವ ಬ್ರಿಡ್ಜ್, ಇಲ್ಲವೇ ಮೂಳೆಯೊಳಗೆ ಸ್ಕ್ರೂ ಇಟ್ಟು ಅದರ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್. ಇಂಪ್ಲಾಂಟ್‌ನ ಖರ್ಚು ಕೇಳಿ ಅಬ್ಬು ಸ್ವಲ್ಪ ಹೊತ್ತು ಸುಮ್ಮನಾದರು. ಮಳೆಗಾಲಕ್ಕೆ ಮೊದಲು ಮನೆಯ ಹಂಚು ಬದಲಿಸಲು ಕೂಡಿಟ್ಟ ಹಣಕ್ಕೆ ಕೈ ಹಾಕಬೇಕಿತ್ತು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟ್ರೇ, ಇದು ಎಷ್ಟು ವರ್ಷ ಬರುತ್ತೆ?"

ವೈದ್ಯರು ವರ್ಷದ ಲೆಕ್ಕ ಹೇಳಲಿಲ್ಲ. "ಅದು ಹಲ್ಲಿನ ಮೇಲೆ ಅರ್ಧ, ನಿಮ್ಮ ಮೇಲೆ ಅರ್ಧ" ಎಂದರು. ಮನೆಗೆ ಬಂದರೆ ಮಾಮು ತಮ್ಮ ಬಾಯಿ ತೋರಿಸಿದರು. ಏಳು ವರ್ಷದ ಹಿಂದೆ ಬೇರೆ ಊರಿನಲ್ಲಿ ಹಾಕಿಸಿಕೊಂಡ ಇಂಪ್ಲಾಂಟ್ ಇನ್ನೂ ಇದೆ, ಅಲುಗಾಡುವುದಿಲ್ಲ. ಆದರೆ ಬ್ರಶ್ ಮಾಡಿದಾಗಲೆಲ್ಲ ವಸಡಿನಿಂದ ರಕ್ತ ಬರುತ್ತದೆ, ಆಗಾಗ ಕೀವು ಬರುತ್ತದೆ. "ಹಲ್ಲು ಇದೆ, ನೆಮ್ಮದಿ ಇಲ್ಲ" ಎಂದರು ಮಾಮು.

ಹಾಗಾದರೆ ಮಾಮುವಿನ ಇಂಪ್ಲಾಂಟ್ ಗೆದ್ದಿದೆಯೇ, ಸೋತಿದೆಯೇ? ಈ ಪ್ರಶ್ನೆಯನ್ನು ಹಿಡಿದು ನಾನು ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮೊಲದ ಕಾಲಿನಿಂದ ಮನುಷ್ಯನ ಬಾಯಿಗೆ

1952ರಲ್ಲಿ ಸ್ವೀಡನ್ನಿನ ಪೇರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯ ವಿಜ್ಞಾನಿ ಮೂಳೆಯೊಳಗಿನ ರಕ್ತಸಂಚಾರವನ್ನು ಅಭ್ಯಾಸ ಮಾಡುತ್ತಿದ್ದರು. ಅದಕ್ಕಾಗಿ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂನ ಒಂದು ಪುಟ್ಟ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲಿಲ್ಲ. ಮೂಳೆ ಲೋಹವನ್ನು ಬಿಗಿಯಾಗಿ ಹಿಡಿದುಕೊಂಡುಬಿಟ್ಟಿತ್ತು. ಈ ಬೆಸುಗೆಗೆ ಅವರು ಮುಂದೆ ಆಸಿಯೋಇಂಟಿಗ್ರೇಷನ್ ಎಂದು ಹೆಸರಿಟ್ಟರು.

ಇದರ ಹಿಂದಿನ ರಸಾಯನಶಾಸ್ತ್ರ ನಮಗೆ ಅರ್ಥವಾಗುವಂಥದ್ದೇ. ಟೈಟಾನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ಆ ಪದರ ತುಕ್ಕನ್ನು ತಡೆಯುತ್ತದೆ. ದೇಹವೂ ಅದನ್ನು ಶತ್ರುವೆಂದು ಕಾಣುವುದಿಲ್ಲ. ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಜೀವಕೋಶಗಳು ಬಂದು ಅದರ ಪಕ್ಕದಲ್ಲೇ ಹೊಸ ಮೂಳೆ ಕಟ್ಟುತ್ತವೆ.

1965ರಲ್ಲಿ ಬ್ರೋನೆಮಾರ್ಕ್ ಮೊದಲ ಬಾರಿಗೆ ಮನುಷ್ಯನ ದವಡೆಗೆ ಇಂಥ ಸ್ಕ್ರೂ ಕೂರಿಸಿದರು. ಆ ರೋಗಿ ಗೋಸ್ಟಾ ಲಾರ್ಸನ್. ಹುಟ್ಟಿನಿಂದಲೇ ಅವರ ದವಡೆ ಸರಿಯಾಗಿ ಬೆಳೆದಿರಲಿಲ್ಲ, ಊಟ ಮಾಡುವುದೂ ಮಾತನಾಡುವುದೂ ಕಷ್ಟವಾಗಿತ್ತು. ಲಾರ್ಸನ್ 2006ರಲ್ಲಿ ತೀರಿಕೊಂಡರು. ಅಂದರೆ 40 ವರ್ಷಕ್ಕೂ ಹೆಚ್ಚು ಕಾಲ ಆ ಇಂಪ್ಲಾಂಟ್‌ಗಳು ಅವರಿಗೆ ಕೆಲಸ ಕೊಟ್ಟವು. ಇದನ್ನು ಓದಿದಾಗ ಅಬ್ಬುವಿನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದೇ ಅಂದುಕೊಂಡೆ. ಆದರೆ ಒಬ್ಬರ ಅನುಭವವನ್ನು ಎಲ್ಲರ ಲೆಕ್ಕವೆಂದು ಹೇಳಲಾಗದು.

ಬಗೆಬಗೆಯ ಇಂಪ್ಲಾಂಟ್‌ಗಳು

ಇಂಪ್ಲಾಂಟ್ ಎಂದರೆ ಒಂದೇ ವಸ್ತುವಲ್ಲ. 1940ರ ದಶಕದಲ್ಲಿ ವಸಡಿನ ಕೆಳಗೆ, ಮೂಳೆಯ ಮೇಲೆ ಲೋಹದ ಚೌಕಟ್ಟನ್ನು ಕೂರಿಸುವ ಪದ್ಧತಿ ಬಂತು. 1960ರ ದಶಕದಲ್ಲಿ ಅಮೆರಿಕದಲ್ಲಿ ಬ್ಲೇಡಿನಂತೆ ತೆಳ್ಳಗಿನ, ಚಪ್ಪಟೆ ಇಂಪ್ಲಾಂಟ್‌ಗಳು ಹೆಸರು ಮಾಡಿದವು. ಇವುಗಳಲ್ಲಿ ಬಹಳಷ್ಟರ ಸುತ್ತ ಮೂಳೆಯ ಬದಲು ಮೆತ್ತನೆಯ ನಾರಿನ ಅಂಗಾಂಶ ಬೆಳೆಯುತ್ತಿತ್ತು. ಕಾಲ ಕಳೆದಂತೆ ಅವು ಸಡಿಲಗೊಳ್ಳುತ್ತಿದ್ದವು. ಸ್ಕ್ರೂ ಆಕಾರದ ಟೈಟಾನಿಯಂ ಇವುಗಳನ್ನು ಹಿಂದೆ ಹಾಕಿದ್ದು ಮೂಳೆಯೊಂದಿಗಿನ ನೇರ ಬೆಸುಗೆಯಿಂದ.

ಬ್ರೋನೆಮಾರ್ಕ್ ಕಾಲದ ಸ್ಕ್ರೂಗಳ ಮೈ ನುಣುಪಾಗಿತ್ತು. ಅವರ ತಂಡ 1981ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 5ರಿಂದ 9 ವರ್ಷ ಗಮನಿಸಿದ ಇಂಪ್ಲಾಂಟ್‌ಗಳಲ್ಲಿ ಕೆಳದವಡೆಯ 91% ಮತ್ತು ಮೇಲ್ದವಡೆಯ 81% ಗಟ್ಟಿಯಾಗಿ ಉಳಿದಿದ್ದವು. ಮೇಲ್ದವಡೆಯ ಮೂಳೆ ಹೆಚ್ಚು ಮೆದು. ಹಾಗಾಗಿ ಅಲ್ಲಿ ಸ್ಕ್ರೂಗೆ ಸಿಗುವ ಹಿಡಿತವೂ ಕಡಿಮೆ.

ಆಮೇಲೆ ಬಂದವು ಒರಟು ಮೈಯ ಇಂಪ್ಲಾಂಟ್‌ಗಳು. ಸಣ್ಣ ಕಣಗಳನ್ನು ರಭಸದಿಂದ ಸಿಡಿಸಿ, ಆಮೇಲೆ ಆಮ್ಲದಲ್ಲಿ ಅದ್ದಿ ಲೋಹದ ಮೇಲೆ ಸೂಕ್ಷ್ಮ ಗುಂಡಿಗಳನ್ನು ಮಾಡುತ್ತಾರೆ. ನುಣುಪು ಗೋಡೆಗಿಂತ ಒರಟು ಗೋಡೆಗೆ ಗಾರೆ ಚೆನ್ನಾಗಿ ಹಿಡಿಯುವಂತೆ ಇಲ್ಲಿ ಮೂಳೆ ಬೇಗ ಹಿಡಿಯುತ್ತದೆ. ಸ್ವಿಟ್ಜರ್ಲೆಂಡ್‌ನ ಬರ್ನ್ ನಗರದ ತಂಡವೊಂದು 303 ಜನರಿಗೆ ಹಾಕಿದ ಇಂಥ 511 ಇಂಪ್ಲಾಂಟ್‌ಗಳನ್ನು 10 ವರ್ಷದ ನಂತರ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿತು. 98.8% ಬಾಯಲ್ಲೇ ಇದ್ದವು. ಆದರೆ ಒರಟು ಮೈಗೆ ಒಂದು ದೋಷವೂ ಇದೆ. ಮೂಳೆ ಸವೆದು ಆ ಭಾಗ ಹೊರಗೆ ಕಂಡರೆ ಕೊಳೆ ಮತ್ತು ಬ್ಯಾಕ್ಟೀರಿಯಾ ಕೂಡ ಅಷ್ಟೇ ಚೆನ್ನಾಗಿ ಹಿಡಿಯುತ್ತವೆ.

ಇನ್ನೊಂದು ಬಗೆ ಜಿರ್ಕೋನಿಯಾ. ಇದು ಬಿಳಿ ಬಣ್ಣದ ಸೆರಾಮಿಕ್. ವಸಡು ತೆಳ್ಳಗಿರುವವರಲ್ಲಿ ಲೋಹದ ಬೂದು ಛಾಯೆ ಕಾಣುವುದಿಲ್ಲ. ಆದರೆ ಸೆರಾಮಿಕ್ ಲೋಹದಂತೆ ಬಾಗುವುದಿಲ್ಲ, ಒತ್ತಡ ಮಿತಿ ಮೀರಿದರೆ ಮುರಿಯುತ್ತದೆ. ಟೈಟಾನಿಯಂಗೆ ಇರುವಷ್ಟು ದೀರ್ಘಕಾಲದ ದಾಖಲೆಯೂ ಇದಕ್ಕಿಲ್ಲ.

ಉಳಿವು ಬೇರೆ, ಯಶಸ್ಸು ಬೇರೆ

ಈಗ ಮಾಮುವಿನ ಪ್ರಶ್ನೆಗೆ ಬರೋಣ. ಸಂಶೋಧಕರು ಎರಡು ಪದಗಳನ್ನು ಬೇರೆಬೇರೆಯಾಗಿ ಬಳಸುತ್ತಾರೆ. ಪರೀಕ್ಷೆಯ ದಿನ ಇಂಪ್ಲಾಂಟ್ ಬಾಯಲ್ಲಿ ಇದ್ದರೆ ಅದು ಉಳಿವು. ಯಶಸ್ಸಿಗೆ ಅಷ್ಟು ಸಾಲದು. 1986ರಲ್ಲಿ ಆಲ್ಬ್ರೆಕ್ಟ್‌ಸನ್ ಮತ್ತು ಸಂಗಡಿಗರು ಯಶಸ್ಸಿಗೆ ಕೆಲವು ಷರತ್ತು ಹಾಕಿದರು. ಇಂಪ್ಲಾಂಟ್ ಅಲುಗಬಾರದು. ಎಕ್ಸ್‌-ರೇಯಲ್ಲಿ ಅದರ ಸುತ್ತ ಕಪ್ಪು ಅಂಚು ಕಾಣಬಾರದು. ನೋವು, ಸೋಂಕು ಇರಬಾರದು. ಮೊದಲ ವರ್ಷದ ನಂತರ ಮೂಳೆ ಸವೆತ ವರ್ಷಕ್ಕೆ 0.2 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು. ಈ ಅಳತೆಯಲ್ಲಿ 5 ವರ್ಷಕ್ಕೆ ಕನಿಷ್ಠ 85%, 10 ವರ್ಷಕ್ಕೆ ಕನಿಷ್ಠ 80% ಯಶಸ್ಸು ಸಿಕ್ಕರೆ ಮಾತ್ರ ಆ ಪದ್ಧತಿಯನ್ನು ಒಪ್ಪಬಹುದು ಎಂದರು. ಬರ್ನ್ ತಂಡವೂ ತನ್ನದೇ ಷರತ್ತುಗಳನ್ನು ಇಟ್ಟುಕೊಂಡು ಯಶಸ್ಸನ್ನು ಬೇರೆಯಾಗಿ ಎಣಿಸಿತು. ಆಗ ಸಿಕ್ಕಿದ್ದು 97%.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಉಳಿವು ಎಂದರೆ ಪಾಸು, ಯಶಸ್ಸು ಎಂದರೆ ಡಿಸ್ಟಿಂಕ್ಷನ್. ಮಾಮುವಿನ ಇಂಪ್ಲಾಂಟ್ ಉಳಿವಿನ ಪಟ್ಟಿಯಲ್ಲಿದೆ, ಯಶಸ್ಸಿನ ಪಟ್ಟಿಯಲ್ಲಿಲ್ಲ.

ಅಂಕಿಗಳನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಪರೀಕ್ಷೆಗೇ ಬಾರದವರನ್ನು ಬಿಟ್ಟು ಕಾಲೇಜಿನ ಫಲಿತಾಂಶ ಲೆಕ್ಕ ಹಾಕಿದರೆ ಹೇಗಿರುತ್ತದೆ? ಇಂಪ್ಲಾಂಟ್ ಅಧ್ಯಯನಗಳಲ್ಲೂ 10 ವರ್ಷದಲ್ಲಿ ಅನೇಕರು ತಪಾಸಣೆಗೆ ಬರುವುದನ್ನು ಬಿಟ್ಟಿರುತ್ತಾರೆ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ 10 ವರ್ಷದ ಉಳಿವು 96.4% ಎಂದು ಬಂತು. ಬಾರದೇ ಹೋದವರಲ್ಲಿ ಸೋಲು ಹೆಚ್ಚಿರಬಹುದೆಂದು ಅವರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅದು 93.2%ಕ್ಕೆ ಇಳಿಯಿತು. ಆಗಲೂ ಇದು ಒಳ್ಳೆಯ ಫಲಿತಾಂಶವೇ. ಆದರೂ ಎರಡನೆಯ ಸಂಖ್ಯೆಯನ್ನು ತಿಳಿದು ಹಣ ಕಟ್ಟುವುದು ಮೇಲು.

ಸ್ವೀಡನ್ನಿನ ಇನ್ನೊಂದು ಅಧ್ಯಯನ ಒಬ್ಬ ತಜ್ಞರ ರೋಗಿಗಳನ್ನು ಆರಿಸಿಕೊಳ್ಳದೆ, ದೇಶದಾದ್ಯಂತ ಹಲವು ವೈದ್ಯರಲ್ಲಿ ಚಿಕಿತ್ಸೆ ಪಡೆದವರನ್ನು ಆರಿಸಿಕೊಂಡಿತು. ಸುಮಾರು 9 ವರ್ಷದ ನಂತರ 596 ಜನರನ್ನು ಪರೀಕ್ಷಿಸಿದಾಗ 7.6% ಜನ ಕನಿಷ್ಠ ಒಂದು ಇಂಪ್ಲಾಂಟ್ ಕಳೆದುಕೊಂಡಿದ್ದರು. ಅದೇ ತಂಡದ ಮುಂದಿನ ವರದಿಯಲ್ಲಿ 14.5% ಜನರಿಗೆ ಪೆರಿ-ಇಂಪ್ಲಾಂಟೈಟಿಸ್ ಎಂಬ ಕಾಯಿಲೆ ಮಧ್ಯಮ ಅಥವಾ ತೀವ್ರ ಮಟ್ಟದಲ್ಲಿತ್ತು. ಇಂಪ್ಲಾಂಟ್ ಸುತ್ತ ಸೋಂಕು ತಗಲಿ ಮೂಳೆ ಕರಗುವ ಕಾಯಿಲೆ ಅದು. ಮಾಮುವಿಗೆ ಇರುವುದೂ ಅದೇ ಎಂದು ವೈದ್ಯರು ಹೇಳಿದ್ದಾರೆ.

ಏಕೆ ಸೋಲುತ್ತವೆ?

ನಿಜವಾದ ಹಲ್ಲು ಮತ್ತು ಮೂಳೆಯ ನಡುವೆ ಪೆರಿಯೋಡಾಂಟಲ್ ಲಿಗಮೆಂಟ್ ಎಂಬ ನಾರುಗಳ ಪದರವಿರುತ್ತದೆ. ಅದು ಒತ್ತಡವನ್ನು ತಡೆದುಕೊಳ್ಳುತ್ತದೆ, ಅನ್ನದಲ್ಲಿ ಕಲ್ಲು ಸಿಕ್ಕರೆ ತಟ್ಟನೆ ತಿಳಿಸುತ್ತದೆ, ರಕ್ತ ಪೂರೈಕೆಗೂ ನೆರವಾಗುತ್ತದೆ. ಇಂಪ್ಲಾಂಟ್‌ಗೆ ಆ ಪದರವಿಲ್ಲ. ಹಾಗಾಗಿ ಸೋಂಕು ಬೇಗ ಮೂಳೆಗೆ ತಲುಪುತ್ತದೆ, ನೋವು ಮಾತ್ರ ತಡವಾಗಿ ತಿಳಿಯುತ್ತದೆ. ಇಂಪ್ಲಾಂಟ್ ಹುಳುಕಾಗುವುದಿಲ್ಲ, ನಿಜ. ಆದರೆ ಅದನ್ನು ಹಿಡಿದ ಮೂಳೆ ಜೀವಂತ ಮೂಳೆ.

ಧೂಮಪಾನ ಮಾಡುವವರಲ್ಲಿ ಇಂಪ್ಲಾಂಟ್ ಸೋಲುವ ಅಪಾಯ ಸರಿಸುಮಾರು ಎರಡು ಪಟ್ಟು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಗಾಯ ಮಾಗುವುದು ನಿಧಾನವಾಗುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೊದಲೇ ಇದ್ದ ವಸಡಿನ ರೋಗ, ಸ್ವಚ್ಛತೆಯ ಕೊರತೆ, ತಪಾಸಣೆಗೆ ಹೋಗದಿರುವುದು ಇವು ಉಳಿದ ಕಾರಣಗಳು. ಮಾಮು ಇಂಪ್ಲಾಂಟ್ ಹಾಕಿಸಿಕೊಂಡ ದಿನ ಸಂಜೆಯೇ ಸಿಗರೇಟು ಸೇದಿದ್ದರಂತೆ. ಏಳು ವರ್ಷದಲ್ಲಿ ಒಮ್ಮೆಯೂ ತಪಾಸಣೆಗೆ ಹೋಗಿರಲಿಲ್ಲ. ಅಲ್ಲಿ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ನಾನಿಯ ನಿರ್ಧಾರ

ನಾನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಆಗ ಅವರ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9ರ ಮೇಲಿತ್ತು. "ಮೊದಲು ಇದನ್ನು ಇಳಿಸಿ ಬನ್ನಿ, ಹಲ್ಲಿಗೆ ಅವಸರವಿಲ್ಲ" ಎಂದು ವೈದ್ಯರು ವಾಪಸ್ ಕಳಿಸಿದರು. ಹಣ ತೆಗೆದುಕೊಂಡು ಆ ದಿನವೇ ಸ್ಕ್ರೂ ಹಾಕಿ ಕಳಿಸಬಹುದಿತ್ತು, ಅವರು ಹಾಗೆ ಮಾಡಲಿಲ್ಲ. ನಾನಿ ಚಹಾಕ್ಕೆ ಸಕ್ಕರೆ ಬಿಟ್ಟರು, ಸಂಜೆ ಅಮ್ಮಿಯ ಜೊತೆ ನಡೆಯಲು ಶುರುಮಾಡಿದರು, ಮಾತ್ರೆ ತಪ್ಪಿಸಲಿಲ್ಲ. ನಾಲ್ಕು ತಿಂಗಳಲ್ಲಿ ಅದು 7ರ ಹತ್ತಿರ ಬಂತು. ಫೆಬ್ರವರಿಯಲ್ಲಿ ಟೈಟಾನಿಯಂ ಇಂಪ್ಲಾಂಟ್ ಹಾಕಿದರು, ಜೂನ್‌ನಲ್ಲಿ ಮೇಲಿನ ಕ್ಯಾಪ್ ಕೂರಿಸಿದರು. ಹಂಚಿನ ಕೆಲಸ ಮುಂದಕ್ಕೆ ಹೋಯಿತು. ಈ ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ಎರಡು ಕಡೆ ಪಾತ್ರೆ ಇಟ್ಟೆವು.

ನಾನಿಗೆ ಮಿಸ್ವಾಕ್ ಬಳಸುವ ಅಭ್ಯಾಸವಿದೆ. ಅದರ ಜೊತೆಗೆ ಇಂಪ್ಲಾಂಟ್‌ನ ಸಂದಿಗೆ ಪುಟ್ಟ ಬ್ರಶ್ ಬಳಸಲೇಬೇಕೆಂದು ವೈದ್ಯರು ಹೇಳಿಕೊಟ್ಟಿದ್ದಾರೆ. ಆರು ತಿಂಗಳಿಗೊಮ್ಮೆ ಅವರನ್ನು ತಪಾಸಣೆಗೆ ಕರೆದೊಯ್ಯುವ ಕೆಲಸ ನನ್ನದು. ಮೊದಲ ಎಕ್ಸ್‌-ರೇ ನಮ್ಮ ಅಲ್ಮೇರಾದಲ್ಲಿದೆ. ಮುಂದೆ ಮೂಳೆ ಎಷ್ಟು ಸವೆದಿದೆ ಎಂದು ಹೋಲಿಸಿ ನೋಡಲು ಅದು ಬೇಕು. ಮಾಮು ಕೂಡ ಈಗ ಚಿಕಿತ್ಸೆಗೆ ಹೋಗುತ್ತಿದ್ದಾರೆ. ಸಿಗರೇಟು ಕಡಿಮೆಯಾಗಿದೆ, ಪೂರ್ತಿ ಬಿಟ್ಟಿಲ್ಲ.

ನಾನಿಯ ಇಂಪ್ಲಾಂಟ್‌ಗೆ ಈಗ ಎಂಟು ತಿಂಗಳು. ಇಷ್ಟಕ್ಕೇ ಅದು ಯಶಸ್ವಿ ಎಂದು ಬರೆದರೆ ನಾನು ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಸದ್ಯಕ್ಕೆ ಅವರು ಆ ಕಡೆಯಿಂದಲೂ ರೊಟ್ಟಿ ಅಗಿಯುತ್ತಾರೆ ಎಂದಷ್ಟೇ ಹೇಳಬಲ್ಲೆ.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಹಿರಿಯರಿಗೆ ಇಂಪ್ಲಾಂಟ್‌ನ ಮಾತು ಬಂದರೆ "ಎಷ್ಟು ವರ್ಷ ಬರುತ್ತೆ" ಎಂದು ಕೇಳಿ, ತಪ್ಪಿಲ್ಲ. ಅದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ. ಹಾಕುವುದು ಯಾವ ಬಗೆಯ ಇಂಪ್ಲಾಂಟ್, ಅದಕ್ಕೆ ಎಷ್ಟು ವರ್ಷದ ದಾಖಲೆ ಇದೆ? ನಮ್ಮ ಸಕ್ಕರೆ, ವಸಡು, ಮೂಳೆ ಇದಕ್ಕೆ ತಯಾರಿದೆಯೇ? ಹಾಕಿದ ಮೇಲೆ ಎಷ್ಟು ದಿನಕ್ಕೊಮ್ಮೆ ಬರಬೇಕು? ಮೂರನೆಯದನ್ನು ಬರೆದಿಟ್ಟುಕೊಂಡು, ಆ ದಿನ ಬಂದಾಗ ಅವರ ಜೊತೆ ನೀವೇ ಹೋಗಿ.